ಬಣ್ಣ ಕೆರೆದ ಸೈಕಲ್, ಕಡಲ ಗಾಳಿ

1/4
ಫ್ರೇಮಿನ ಬಣ್ಣ ಪೂರ್ತಿ ಕೆರೆದು, ಬರೀ ಅಲ್ಯೂಮಿನಿಯಂ ಪಳಪಳ ಹೊಳೆಯುವ ಹಾಗೆ ಮಾಡಿ ರೀಲ್ ಹಾಕುದು ಈಗ ಸ್ಟೈಲ್. ಚಂದ ಕಾಣ್ತದೆ, ಸುಳ್ಳು ಹೇಳುದಿಲ್ಲ. ಆದರೆ "ಅಲ್ಯೂಮಿನಿಯಂ ಅಲ್ವಾ, ತುಕ್ಕು ಹಿಡಿಯುದಿಲ್ಲ" ಅಂತ ಕೆಳಗೆ ಬರೀತಾರಲ್ಲ, ನನ್ನ ಜಗಳ ಅದರ ಜೊತೆ. ಮಂಗಳೂರು, ಸುರತ್ಕಲ್, ಮಲ್ಪೆ ಕಡೆ ಇದ್ದುಕೊಂಡು ಈ ಮಾತು ನಂಬಬೇಡಿ ಮಾರಾಯ್ರೆ.

2/4
ಕೆಂಪು ತುಕ್ಕು ಕಬ್ಬಿಣದ್ದು, ಸರಿ. ಅಲ್ಯೂಮಿನಿಯಂ ಗಾಳಿ ತಾಗಿದ ಕೂಡಲೇ ತನ್ನ ಮೇಲೆ ಆಕ್ಸೈಡಿನ ಪದರ ಕಟ್ಟಿಕೊಳ್ತದೆ. ದಪ್ಪ ಕೆಲವೇ ನ್ಯಾನೋಮೀಟರ್. ಒಣ ಹವೆಯ ಊರಲ್ಲಿ ಅಷ್ಟು ಸಾಕಾಗಬಹುದು. ಇಲ್ಲಿ ಗಾಳಿಯಲ್ಲೇ ಉಪ್ಪುಂಟು, ಬೆವರಲ್ಲೂ ಉಪ್ಪುಂಟು. ಉಪ್ಪಿನಲ್ಲಿರುವ ಕ್ಲೋರೈಡ್ ಆ ಪದರವನ್ನು ಅಲ್ಲಲ್ಲಿ ತೂತು ಮಾಡ್ತದೆ. ಮೇಲೆ ಬಿಳಿ ಪುಡಿ, ಅಡಿಯಲ್ಲಿ ಸಣ್ಣ ಗುಳಿ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಉಪ್ಪಿನಕಾಯಿ ಇಡಬಾರದು ಅಂತ ಅಜ್ಜಿಯಂದಿರಿಗೆ ಗೊತ್ತುಂಟು, ಭರಣಿಯೇ ಬೇಕು ಅಂತಾರೆ. ರೀಲ್ ಮಾಡುವವರಿಗೆ ಗೊತ್ತಿಲ್ಲ.

ಇನ್ನೂ ಕೆಟ್ಟದ್ದು ಕಣ್ಣಿಗೆ ಕಾಣುದೇ ಇಲ್ಲ. ಸ್ಟೀಲ್ ಬೋಲ್ಟ್ ಫ್ರೇಮಿಗೆ ತಾಗುವಲ್ಲಿ, ಸ್ಟೀಲ್ ಸೀಟ್ ಪೋಸ್ಟ್ ಫ್ರೇಮಿನೊಳಗೆ ಕೂರುವಲ್ಲಿ ಎರಡು ಲೋಹ, ನಡುವೆ ಉಪ್ಪುನೀರು. ಅದು ಪುಟ್ಟ ಬ್ಯಾಟರಿಯೇ. ಅದರಲ್ಲಿ ಸವೆಯುದು ಅಲ್ಯೂಮಿನಿಯಂ. ಹುಟ್ಟುವ ಆಕ್ಸೈಡಿಗೆ ಮೊದಲಿನ ಲೋಹಕ್ಕಿಂತ ಹೆಚ್ಚು ಜಾಗ ಬೇಕು, ಹಾಗಾಗಿ ಸೀಟ್ ಪೋಸ್ಟ್ ಜಾಮ್. ಬಣ್ಣ ಇದ್ದ ಸೈಕಲ್‌ಗೂ ಇದು ತಪ್ಪಿದ್ದಲ್ಲ. ಒಂದು ಬೆರಳು ಗ್ರೀಸ್ ಹಚ್ಚಿದ್ರೆ ತಡೀಬಹುದು, ಆದರೆ ಗ್ರೀಸ್ ಹಚ್ಚುವ ವಿಡಿಯೋಗೆ ಲೈಕ್ ಬರುದಿಲ್ಲ ನೋಡಿ.

3/4
"ಕ್ಲಿಯರ್ ಲ್ಯಾಕರ್ ಸ್ಪ್ರೇ ಹೊಡೆದ್ರೆ ಆಯ್ತು ಬ್ರೋ." ಆಗುದಿಲ್ಲ ಬ್ರೋ. ಕನ್ನಡಿಯ ಹಾಗೆ ಪಾಲಿಶ್ ಮಾಡಿದ ಲೋಹವನ್ನು ಡಬ್ಬಿ ಸ್ಪ್ರೇ ಗಟ್ಟಿಯಾಗಿ ಹಿಡಿಯುದಿಲ್ಲ. ಒಂದು ಜಲ್ಲಿ ಹಾರಿ ಚಕ್ಕೆ ಎದ್ರೆ ನೀರು ಅಡಿಗೆ ನುಗ್ಗಿ ಹುಳ ಹರಿದ ಹಾಗೆ ಗೆರೆಗೆರೆ. ಮೇಲೆ ಪದರ ಇರುವುದರಿಂದ ಒರೆಸಲಿಕ್ಕೂ ಆಗುದಿಲ್ಲ, ಪುನಃ ಎಲ್ಲ ಕೆರೀಬೇಕು. ಆನೋಡೈಸಿಂಗ್ ಒಳ್ಳೆಯದೇ, ಆದರೆ ಅದು ಫ್ರೇಮನ್ನು ಆಮ್ಲದ ತೊಟ್ಟಿಯಲ್ಲಿ ಮುಳುಗಿಸಿ ಕರೆಂಟ್ ಹಾಯಿಸುವ ಕೆಲಸ. ಮನೆಯ ಅಂಗಳದಲ್ಲಿ ಆಗುವಂಥದ್ದಲ್ಲ.

4/4
ಕೆರೆದಾಗಿದ್ಯಾ? ಹಾಗಾದ್ರೆ ಬೀಚಿಗೆ ಹೋಗಿ ಬಂದ ದಿನವೇ ಸಿಹಿನೀರಲ್ಲಿ ತೊಳೆದು ಒಣಬಟ್ಟೆಯಲ್ಲಿ ಒರೆಸಿ. ಕಾರಿಗೆ ಹಾಕುವ ವ್ಯಾಕ್ಸ್ ತೆಳುವಾಗಿ ಉಜ್ಜಿ, ಮಳೆಗಾಲದಲ್ಲಿ ಮತ್ತೆ ಮತ್ತೆ. ಬ್ರೇಕ್ ತಾಗುವ ರಿಮ್ಮಿಗೆ, ಡಿಸ್ಕಿಗೆ ಮಾತ್ರ ವ್ಯಾಕ್ಸ್ ಬೇಡ, ಬ್ರೇಕ್ ಹಿಡಿಯುದಿಲ್ಲ. ಬಾತ್‌ರೂಮ್ ತೊಳೆಯುವ ಆಸಿಡ್, ವಾಷಿಂಗ್ ಸೋಡಾ ಹತ್ತಿರವೂ ತರಬೇಡಿ, ಎರಡೂ ಆ ಪದರವನ್ನೇ ತಿಂತವೆ.

ಕೆರೆಯದವರು ಕೆರೆಯಬೇಡಿ. ನಾವು ಬಿಕಾಂನವರು, ಡಿಪ್ರಿಸಿಯೇಶನ್ ಲೆಕ್ಕ ಹಾಕ್ಲಿಕ್ಕೆ ಕಲಿತವರು. ಫ್ಯಾಕ್ಟರಿಯ ಬಣ್ಣಕ್ಕೆ ಸೈಕಲ್ ತಗೊಳ್ಳುವಾಗಲೇ ದುಡ್ಡು ಕೊಟ್ಟಾಗಿದೆ. ಅದನ್ನು ಸ್ಯಾಂಡ್ ಪೇಪರ್ ಹಿಡಿದು ಉಜ್ಜಿ ತೆಗೆದು, ಆಮೇಲೆ ಸ್ಪ್ರೇ ಡಬ್ಬಿಗೆ ಇನ್ನೊಂದು ಸಲ ದುಡ್ಡು ಹಾಕುದು ಯಾವ ಲೆಕ್ಕ?

ಸೀಟ್ ಪೋಸ್ಟ್ ಇವತ್ತೇ ಸಡಿಲಿಸಿ ಒಮ್ಮೆ ಎಳೆದು ನೋಡಿ. ಬಂತಾ ಇಲ್ವಾ, ಕಾಮೆಂಟಲ್ಲಿ ಹಾಕಿ.

#ಸೈಕಲ್ #ಮಳೆಗಾಲ #ಕುಡ್ಲ