ತಾಯಿಯ ಹೆಸರೇ ಸಾಕು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ದೇವದಾಸಿ ತಾಯಂದಿರ ಮಕ್ಕಳಿಗೆ ಮೊದಲ ಅವಮಾನ ಶಾಲೆಯ ದಾಖಲಾತಿ ಅರ್ಜಿಯಲ್ಲೇ ಕಾದಿರುತ್ತದೆ. ‘ತಂದೆಯ ಹೆಸರು’ ಎಂಬ ಕಾಲಂ ಅದು. ಮಗುವಿನ ತಂದೆ ಯಾರೆಂದು ಊರಿಗೆಲ್ಲ ಗೊತ್ತಿದ್ದರೂ ಅವನ ಹೆಸರು ಕಾಗದಕ್ಕೆ ಬರುವುದಿಲ್ಲ. ಉತ್ತರ ಕೊಡಬೇಕಾದ ಗಂಡಸು ಮರೆಯಲ್ಲಿರುತ್ತಾನೆ. ತಲೆ ತಗ್ಗಿಸುವುದು ತಾಯಿ, ಮಗು.

ಇದು ಜಾತಿ ಮತ್ತು ಲಿಂಗ ಎರಡರಿಂದಲೂ ಬಂದ ತಾರತಮ್ಯ. ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದವರಲ್ಲಿ ಬಹುಪಾಲು ದಲಿತ ಹೆಣ್ಣುಮಕ್ಕಳು. ಈ ಪದ್ಧತಿಯನ್ನು 1982ರ ಕಾಯ್ದೆ ಅಪರಾಧವೆಂದು ಸಾರಿತು. ಆದರೂ 1993–94 ಮತ್ತು 2007–08ರ ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಒಟ್ಟು 46,660 ದೇವದಾಸಿಯರು ಗುರುತಾದರು. ಪದ್ಧತಿ ಬೇರೂರಿದ ಜಿಲ್ಲೆಗಳಲ್ಲಿ ಕೊಪ್ಪಳವೂ ಒಂದು.

ತಂದೆಯ ಹೆಸರಿಲ್ಲದಿದ್ದರೆ ಜಾತಿ ಪ್ರಮಾಣಪತ್ರ ಕೊಡುವುದು ಕಷ್ಟ, ದಾಖಲೆಗಳ ದುರ್ಬಳಕೆ ಆಗುತ್ತದೆ ಎಂಬುದು ಕಾಲಂ ಉಳಿಯಬೇಕೆನ್ನುವವರ ವಾದ. ಈ ವಾದ ನಿಲ್ಲುವುದಿಲ್ಲ. ಮಗುವಿನ ಜಾತಿ ಸದಾ ತಂದೆಯದ್ದೇ ಆಗಬೇಕಿಲ್ಲ, ಅದು ಬೆಳೆದ ಪರಿಸರವೂ ಮುಖ್ಯ ಎಂದು ಅಂತರ್ಜಾತಿ ವಿವಾಹದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. ಅವಿವಾಹಿತ ತಾಯಿ ತಂದೆಯ ಹೆಸರು ಬಹಿರಂಗಪಡಿಸದೆಯೇ ಮಗುವಿನ ಪಾಲಕಿಯಾಗಬಹುದು ಎಂದು ಅದೇ ನ್ಯಾಯಾಲಯ 2015ರಲ್ಲಿ ತೀರ್ಪಿತ್ತಿತು. ಪಾಸ್‌ಪೋರ್ಟ್ ಅರ್ಜಿಗೆ ತಂದೆ ಅಥವಾ ತಾಯಿ, ಒಬ್ಬರ ಹೆಸರು ಸಾಕೆಂಬ ನಿಯಮ 2016ರಲ್ಲೇ ಬಂತು. ವಿದೇಶಕ್ಕೆ ಹೋಗಲು ಸಾಲುವ ತಾಯಿಯ ಹೆಸರು ಒಂದನೇ ತರಗತಿಗೆ ಸೇರಲು ಸಾಲದೆನ್ನುವುದು ಅನ್ಯಾಯ.

ಅರ್ಜಿಯೊಂದನ್ನು ತಿದ್ದಿದರೆ ಕೆಲಸ ಮುಗಿಯದು. ತರಗತಿಯಲ್ಲಿ ಎಲ್ಲರೆದುರು ‘ನಿಮ್ಮಪ್ಪ ಯಾರು?’ ಎಂದು ಕೇಳುವುದು ಮಗುವಿಗೆ ಕೊಡುವ ಹಿಂಸೆ. ಮಾನಸಿಕ ಕಿರುಕುಳವನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ಶಾಲೆಯಲ್ಲಿ ಹೀಗೆ ನೊಂದ ಹುಡುಗಿ ಓದು ಬಿಟ್ಟರೆ, ಬಾಲ್ಯವಿವಾಹ, ಕೂಲಿ ಅಥವಾ ತಾಯಿ ಅನುಭವಿಸಿದ ಶೋಷಣೆಯೇ ಅವಳ ಪಾಲಿಗೂ ಬರುವ ಅಪಾಯವಿದೆ.

ದೇವದಾಸಿಯರ ಮಕ್ಕಳ ಹಕ್ಕುಗಳನ್ನೂ ಒಳಗೊಂಡ ಹೊಸ ಮಸೂದೆಗೆ ವಿಧಾನಮಂಡಲ 2025ರಲ್ಲಿ ಒಪ್ಪಿಗೆ ನೀಡಿತು. ಅದರ ಆಶಯ ಹಳ್ಳಿಯ ಮುಖ್ಯಶಿಕ್ಷಕರ ಮೇಜಿನವರೆಗೆ ತಲುಪಬೇಕು. ಶಾಲಾ ದಾಖಲಾತಿ, ವರ್ಗಾವಣೆ ಪತ್ರ, ವಿದ್ಯಾರ್ಥಿವೇತನ, ಹಾಸ್ಟೆಲ್ ಅರ್ಜಿಗಳಲ್ಲಿ ತಾಯಿಯ ಹೆಸರೊಂದೇ ಸಾಕೆಂದು ಶಿಕ್ಷಣ ಇಲಾಖೆಯೂ ಸಮಾಜ ಕಲ್ಯಾಣ ಇಲಾಖೆಯೂ ಸ್ಪಷ್ಟ ಆದೇಶ ಹೊರಡಿಸಬೇಕು. ತಂದೆಯ ಹೆಸರಿಲ್ಲವೆಂದು ಅರ್ಜಿ ಹಿಂದಿರುಗಿಸುವ ಅಧಿಕಾರಿಯ ಮೇಲೆ ಶಿಸ್ತುಕ್ರಮ ಆಗಬೇಕು.