ತೀರ್ಪು ಸಾರ್ವಜನಿಕ, ಹುಡುಕಾಟ ದುಬಾರಿ

ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಕೋರಿ ತಾಲೂಕು ನ್ಯಾಯಾಲಯದ ಮೆಟ್ಟಿಲೇರುವ ಹೆಣ್ಣುಮಗಳ ಪಾಲಿಗೆ ಎರಡು ತೀರ್ಪುಗಳ ನಡುವಿನ ಅಂತರವೇ ನಿರ್ಣಾಯಕವಾಗಬಲ್ಲದು. ಕರ್ನಾಟಕದಿಂದಲೇ ಮೇಲ್ಮನವಿಯಾಗಿ ಹೋಗಿದ್ದ ಪ್ರಕಾಶ್ ವಿರುದ್ಧ ಫೂಲವತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಒಂದು ಷರತ್ತು ಹಾಕಿತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿದ್ದರೆ ಮಾತ್ರ ಮಗಳಿಗೆ ಅದರ ಲಾಭ ಎಂಬುದೇ ಆ ಷರತ್ತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಈ ನಿಲುವನ್ನು ತಳ್ಳಿಹಾಕಿತು. ಮಗಳ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, ಆ ದಿನ ತಂದೆ ಜೀವಂತವಾಗಿರಬೇಕಿಲ್ಲ ಎಂದು ಪೀಠ ಸ್ಪಷ್ಟಪಡಿಸಿತು.

ಇದು ದೇಶವೇ ಚರ್ಚಿಸಿದ ತೀರ್ಪು. ಹಾಗಾಗಿ ವಕೀಲರಿಗೆ ತಿಳಿಯದೇ ಇರಲಾರದು. ಆದರೆ ಸುದ್ದಿಯಾಗದೆ ಉಳಿಯುವ ತೀರ್ಪುಗಳೇ ಬಹಳ. ಬಾಡಿಗೆ, ಭೂಸ್ವಾಧೀನ, ಅಪಘಾತ ಪರಿಹಾರ, ಚೆಕ್ ಅಮಾನ್ಯ ಮುಂತಾದ ವಿಷಯಗಳಲ್ಲಿ ಹಳೆಯ ತೀರ್ಪೊಂದು ಇಂದಿಗೂ ಊರ್ಜಿತವೇ, ಅಲ್ಲವೇ ಎಂಬುದನ್ನು ತಿಳಿಯುವ ಬಗೆ ಹೇಗೆ? ಅಂತರ್ಜಾಲದಲ್ಲಿ ದೊರೆಯುವ ಕಾನೂನು ದತ್ತಸಂಚಯಗಳ ಮಹತ್ವ ಇರುವುದು ಇಲ್ಲಿಯೇ.

ದತ್ತಸಂಚಯ ಮಾಡುವುದೇನು?

ಹಿಂದೆ ವಕೀಲರ ಕಚೇರಿಯ ಪ್ರತಿಷ್ಠೆಯನ್ನು ಗೋಡೆಯುದ್ದಕ್ಕೂ ಜೋಡಿಸಿಟ್ಟ ವರದಿ ಸಂಪುಟಗಳಿಂದ ಅಳೆಯಲಾಗುತ್ತಿತ್ತು. ಇಂದು ಆ ಸ್ಥಾನವನ್ನು ಎಸ್‌ಸಿಸಿ ಆನ್‌ಲೈನ್, ಮನುಪಾತ್ರದಂಥ ಚಂದಾ ಆಧಾರಿತ ಸೇವೆಗಳು ಆಕ್ರಮಿಸಿವೆ. ವಿದೇಶಿ ಕಾನೂನು ಮತ್ತು ಹಳೆಯ ಕಾನೂನು ನಿಯತಕಾಲಿಕಗಳಿಗೆ ವೆಸ್ಟ್‌ಲಾ, ಲೆಕ್ಸಿಸ್‌ನೆಕ್ಸಿಸ್, ಹೈನ್‌ಆನ್‌ಲೈನ್ ಮೊದಲಾದವುಗಳಿವೆ. ಇವು ತೀರ್ಪಿನ ಪಠ್ಯವನ್ನಷ್ಟೇ ಕೊಡುವುದಿಲ್ಲ. ಆ ತೀರ್ಪನ್ನು ಮುಂದೆ ಯಾವ ಪೀಠ ಅನುಸರಿಸಿತು, ಯಾವುದು ಭಿನ್ನವೆಂದು ಬದಿಗಿಟ್ಟಿತು, ಯಾವುದು ಅಸಿಂಧುವೆಂದು ಸಾರಿತು ಎಂಬ ಜಾಡನ್ನೂ ತೋರಿಸುತ್ತವೆ. ಚಂದಾದಾರರು ಹಣ ತೆರುವುದು ಬಹುಪಾಲು ಈ ಜಾಡಿಗಾಗಿ.

ತೀರ್ಪಿನ ಪಠ್ಯ ಯಾರ ಸ್ವತ್ತೂ ಅಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ, ನ್ಯಾಯಾಲಯವೇ ನಿರ್ಬಂಧಿಸದ ಹೊರತು, ತೀರ್ಪಿನ ಮರುಮುದ್ರಣಕ್ಕೆ ಅವಕಾಶ ನೀಡುತ್ತದೆ. ಈಸ್ಟರ್ನ್ ಬುಕ್ ಕಂಪನಿ ವಿರುದ್ಧ ಡಿ.ಬಿ. ಮೋದಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2007ರಲ್ಲಿ ಗೆರೆ ಎಳೆಯಿತು. ಮೂಲ ತೀರ್ಪು ಎಲ್ಲರದ್ದು. ಆದರೆ ಸಂಪಾದಕರು ತಮ್ಮ ನೈಪುಣ್ಯ ಹಾಗೂ ವಿವೇಚನೆಯಿಂದ ಸೇರಿಸಿದ ಭಾಗಕ್ಕೆ ಕೃತಿಸ್ವಾಮ್ಯದ ರಕ್ಷಣೆ ಉಂಟು ಎಂಬುದು ಅದರ ಸಾರ. ಪಠ್ಯ ಸಾರ್ವಜನಿಕ, ಅದನ್ನು ಹುಡುಕುವ ಸಾಧನ ಖಾಸಗಿ ಎಂಬ ಇಂದಿನ ಸ್ಥಿತಿಗೆ ಈ ಗೆರೆಯೇ ಕನ್ನಡಿ.

ಆವರಣದ ಒಳಗೆ, ಹೊರಗೆ

ಈ ಖಾಸಗಿ ಸಾಧನ ವಿದ್ಯಾರ್ಥಿಗಳ ಕೈಗೆಟಕುವುದು ವಿಶ್ವವಿದ್ಯಾಲಯದ ಕಾನೂನು ಗ್ರಂಥಾಲಯದ ಮೂಲಕ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಂಥ ಸಂಸ್ಥೆಯ ವಿದ್ಯಾರ್ಥಿ ವಸತಿಗೃಹದಲ್ಲಿ ಕುಳಿತೇ ಹಲವು ದತ್ತಸಂಚಯಗಳನ್ನು ತೆರೆಯಬಲ್ಲ. ಚಂದಾ ತೆರುವುದು ಸಂಸ್ಥೆ. ಸಾಮಾನ್ಯವಾಗಿ ಪ್ರವೇಶಾಧಿಕಾರ ದಾಖಲಾದ ವಿದ್ಯಾರ್ಥಿ ಮತ್ತು ಬೋಧಕರಿಗೆ ಮಾತ್ರ. ಪದವಿ ಮುಗಿದ ಬಳಿಕ ಬಾಗಿಲು ಮುಚ್ಚುತ್ತದೆ. ನಿಜವಾದ ಕಕ್ಷಿದಾರ ಎದುರು ಬಂದು ಕೂರುವ ಹೊತ್ತಿಗೆ ಕಿರಿಯ ವಕೀಲರ ಕೈಯಿಂದ ಆ ಸಾಧನ ಜಾರಿರುತ್ತದೆ ಎಂಬುದು ವಿಪರ್ಯಾಸ.

2009ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಸಂಯೋಜನೆಗೆ ರಾಜ್ಯದ ಕಾನೂನು ಕಾಲೇಜುಗಳು ಒಳಪಟ್ಟಿವೆ. ಅವುಗಳಲ್ಲಿ ಖಾಸಗಿ ಕಾಲೇಜುಗಳೇ ಅಧಿಕ. ಕೇಂದ್ರ ಸಚಿವ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ 3 ವರ್ಷಗಳಿಗೆ 6,000 ಕೋಟಿ ರೂಪಾಯಿ ನಿಗದಿಯಾಯಿತು. ಆದರೆ ಅದು ಮೂಲತಃ ಸಂಶೋಧನಾ ನಿಯತಕಾಲಿಕಗಳ ಯೋಜನೆ. ಅದರ ಫಲಾನುಭವಿಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳು ಹಾಗೂ ಕೇಂದ್ರದ ಸಂಶೋಧನಾ ಸಂಸ್ಥೆಗಳು. ತೀರ್ಪಿನ ಜಾಡು ಹುಡುಕುವ ಖಾಸಗಿ ಕಾಲೇಜಿನ ವಿದ್ಯಾರ್ಥಿಗೆ ಅದು ಆಸರೆಯಾಗದು.

ಉಚಿತ ದಾರಿಗಳು

ಬಾಗಿಲು ಪೂರ್ತಿ ಮುಚ್ಚಿದೆ ಎನ್ನಲಾಗದು. ಸಾಫ್ಟ್‌ವೇರ್ ಎಂಜಿನಿಯರ್ ಸುಶಾಂತ್ ಸಿನ್ಹಾ 2008ರಲ್ಲಿ ಆರಂಭಿಸಿದ ‘ಇಂಡಿಯನ್ ಕಾನೂನ್’ ತೀರ್ಪುಗಳ ಹುಡುಕಾಟವನ್ನು ಸಾಮಾನ್ಯರ ಬಳಿಗೆ ತಂದಿತು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತನ್ನ ಅಧಿಕೃತ ವರದಿಗಳ ‘ಇ-ಎಸ್‌ಸಿಆರ್’ ಸೇವೆ ಆರಂಭಿಸಿ, ಸುಮಾರು 34 ಸಾವಿರ ತೀರ್ಪುಗಳನ್ನು ಉಚಿತವಾಗಿ ತೆರೆದಿಟ್ಟಿತು. ಆಯ್ದ ತೀರ್ಪುಗಳ ಕನ್ನಡ ಅನುವಾದವೂ ಲಭ್ಯವಿದೆ. ಖಾಸಗಿ ಪ್ರಕಾಶಕರ ಉಲ್ಲೇಖ ಸಂಖ್ಯೆಯನ್ನು ನೆಚ್ಚದೆ ನ್ಯಾಯಾಲಯವೇ ನೀಡುವ ತಟಸ್ಥ ಉಲ್ಲೇಖ ಸಂಖ್ಯೆ ಸಹ ಅದೇ ವರ್ಷ ಸುಪ್ರೀಂ ಕೋರ್ಟ್‌ನಲ್ಲಿ ಜಾರಿಗೆ ಬಂದಿತು. ಕರ್ನಾಟಕ ಹೈಕೋರ್ಟ್ ಆದೇಶಗಳ ಮೇಲೂ ಇಂಥ ಸಂಖ್ಯೆ ಕಾಣಸಿಗುತ್ತದೆ. ಇಷ್ಟಾದರೂ ಪಠ್ಯ ಸಿಗುವುದು ಬೇರೆ, ಅದು ಇಂದಿಗೂ ಊರ್ಜಿತವೇ ಎಂಬುದು ಖಚಿತವಾಗುವುದು ಬೇರೆ.

ಇಲ್ಲದ ತೀರ್ಪುಗಳ ಕಾಟ

ಈ ಅಂತರದೊಳಗೆ ಈಗ ಕೃತಕ ಬುದ್ಧಿಮತ್ತೆ ನುಸುಳಿದೆ. ಕೇಳಿದ ಕೂಡಲೇ ಉತ್ತರಿಸುವ ಈ ತಂತ್ರಾಂಶಗಳು ತೀರ್ಪಿನ ಹೆಸರು, ವರ್ಷ, ಪುಟಸಂಖ್ಯೆ ಸಮೇತ ಇಲ್ಲದ ಪ್ರಕರಣವನ್ನೂ ಹೆಣೆಯಬಲ್ಲವು. 2023ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯ, ಚಾಟ್‌ಜಿಪಿಟಿ ಸೃಷ್ಟಿಸಿದ ತೀರ್ಪುಗಳನ್ನು ಉಲ್ಲೇಖಿಸಿದ ವಕೀಲರಿಗೆ 5,000 ಡಾಲರ್ ದಂಡ ವಿಧಿಸಿತು. 2024ರ ಡಿಸೆಂಬರ್‌ನಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ ನೀಡಿದ ಆದೇಶವೊಂದರಲ್ಲಿ ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳು ಕಾಣಿಸಿಕೊಂಡವು. ಬಳಿಕ ಆ ಆದೇಶವನ್ನು ಹಿಂಪಡೆಯಲಾಯಿತು. 2025ರ ಮಾರ್ಚ್‌ನಲ್ಲಿ, ಬೆಂಗಳೂರಿನ ಸಿವಿಲ್ ನ್ಯಾಯಾಲಯದ ಆದೇಶವೊಂದು ಎಂದೂ ಹೊರಬೀಳದ ತೀರ್ಪುಗಳನ್ನು ನೆಚ್ಚಿಕೊಂಡಿದ್ದನ್ನು ಕರ್ನಾಟಕ ಹೈಕೋರ್ಟ್ ಗಂಭೀರವಾಗಿ ಪರಿಗಣಿಸಿತು.

ದತ್ತಸಂಚಯದಲ್ಲಿ ಪ್ರತಿ ಉತ್ತರದ ಹಿಂದೆಯೂ ಒಂದು ದಾಖಲೆ ಇರುತ್ತದೆ, ತೆರೆದು ಓದಬಹುದು. ಸಂಭಾಷಣಾ ತಂತ್ರಾಂಶದ ಉತ್ತರದ ಹಿಂದೆ ದಾಖಲೆ ಇದ್ದೇ ತೀರಬೇಕೆಂಬ ನಿಯಮವಿಲ್ಲ. ನಂಬಲರ್ಹ ಸಾಧನ ದುಬಾರಿಯಾಗಿ, ನಂಬಲಾಗದ್ದು ಪುಕ್ಕಟೆಯಾಗಿ ದೊರೆತಾಗ ಬಡ ಕಕ್ಷಿದಾರರ ವಕೀಲರು ಯಾವುದರ ಮೊರೆ ಹೋದಾರು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಪರಿಹಾರ ದೂರವೇನೂ ಇಲ್ಲ. ಗ್ರಂಥಾಲಯಕ್ಕೆ ಖುದ್ದು ಬಂದು ಕುಳಿತು ಓದುವ ಹೊರಗಿನವರಿಗೂ ಅವಕಾಶ ನೀಡುವ ಷರತ್ತನ್ನು ಚಂದಾ ಒಪ್ಪಂದದಲ್ಲಿ ಸೇರಿಸುವ ಪದ್ಧತಿ ವಿಶ್ವವಿದ್ಯಾಲಯಗಳಿಗೆ ಹೊಸದಲ್ಲ. ಸಾರ್ವಜನಿಕ ಹಣದಿಂದ ನಡೆಯುವ ಕಾನೂನು ಗ್ರಂಥಾಲಯಗಳು ವಾರದ ಕೆಲವು ಗಂಟೆಗಳನ್ನಾದರೂ ಕಿರಿಯ ವಕೀಲರಿಗೂ ಕಾನೂನು ನೆರವು ಪ್ರಾಧಿಕಾರದ ವಕೀಲರಿಗೂ ಮೀಸಲಿಡಬಹುದು. ಜಿಲ್ಲಾ ವಕೀಲರ ಸಂಘಗಳು ಒಟ್ಟುಗೂಡಿ ಸಾಮೂಹಿಕ ಚಂದಾಕ್ಕಾಗಿ ಚೌಕಾಶಿ ನಡೆಸಬಹುದು. ಕಾನೂನು ತಿಳಿಯದು ಎಂಬ ನೆಪವನ್ನು ನ್ಯಾಯಾಲಯ ಒಪ್ಪುವುದಿಲ್ಲ. ಹಾಗಿರುವಾಗ, ಇಂದಿನ ಕಾನೂನು ಯಾವುದೆಂದು ಖಚಿತಪಡಿಸಿಕೊಳ್ಳುವ ದಾರಿಯನ್ನು ಎಲ್ಲರಿಗೂ ತೆರೆದಿಡುವುದು ವ್ಯವಸ್ಥೆಯ ಹೊಣೆಯೂ ಹೌದು.