ವಿದ್ಯುತ್ ಕೆಲಸಗಾರನ ಬೈರಿಗೆ

ವಿದ್ಯುತ್ತಿನ ಕೆಲಸದವನು ವಿದ್ಯುತ್ತಿಲ್ಲದ ಕಡೆಯಲ್ಲಿಯೇ ಹೆಚ್ಚು ಹೊತ್ತು ದುಡಿಯುವನೆಂದರೆ ನಮ್ಮ ವಾಚಕರಲ್ಲಿ ಕೆಲವರು ಅದನ್ನು ವಿನೋದವೆಂದು ಭಾವಿಸಬಹುದು. ಆದರೆ ಸಂಗತಿಯು ಹಾಗೆಯೇ ಇರುವುದು. ಹೊಸ ಮನೆಗೆ ತಂತಿಯನ್ನೆಳೆಯುವಾಗ ಅನೇಕ ವೇಳೆ ಅಲ್ಲಿಗೆ ಇನ್ನೂ ಮೀಟರೇ ಬಂದಿರುವುದಿಲ್ಲ. ಹಳೆಯ ಮನೆಯ ದುರಸ್ತಿಯೆಂದರೆ ಮೊದಲು ಮೈನನ್ನು ಆರಿಸಬೇಕು. ಗೋಡೆಯನ್ನು ಕೊರೆಯುವ ಬೈರಿಗೆಯು ಅದೇ ಮನೆಯ ಪ್ಲಗ್ಗಿನಿಂದ ಶಕ್ತಿಯನ್ನು ಪಡೆಯತಕ್ಕದ್ದಾದರೆ, ಮೈನು ಆರಿದೊಡನೆ ಬೈರಿಗೆಯೂ ನಿಲ್ಲುವುದು. ಆಗ ಕೆಲಸಗಾರನು ಏನು ಮಾಡುವನು? ಮೈನನ್ನು ಮತ್ತೆ ಹಾಕುವನು; ವಿದ್ಯುತ್ತು ಹರಿಯುತ್ತಿರುವ ತಂತಿಗಳು ಅಡಗಿರುವ ಗೋಡೆಗೆ ಉಕ್ಕಿನ ಮೊನೆಯನ್ನು ನಾಟುವನು. ಕಾರ್ಡ್‌ಲೆಸ್ ಡ್ರಿಲ್ ಎಂದು ಎಲ್ಲರೂ ಕರೆಯುವ, ಬ್ಯಾಟರಿಯಿಂದ ನಡೆಯುವ ಬೈರಿಗೆಯ ಮುಖ್ಯ ಪ್ರಯೋಜನವು ನಮ್ಮ ಅಭಿಪ್ರಾಯದಲ್ಲಿ ಇದೊಂದೇ: ಮೈನು ಆರಿರುವಾಗಲೂ ಅದು ತಿರುಗುವುದು. ಏಣಿಯ ಮೇಲೆ ಕಾಲಿಗೆ ತೊಡರುವ ವೈರಿಲ್ಲವೆಂಬುದು ಎರಡನೆಯ ಲಾಭ.

ಈ ತಿಂಗಳು ಈ ವಿಷಯವನ್ನೆತ್ತಿಕೊಳ್ಳಲು ಕಾರಣವುಂಟು. ತುಮಕೂರು ಸೀಮೆಯ ತಾಯಿಯೊಬ್ಬರು ನಮಗೆ ಪತ್ರ ಬರೆದಿರುವರು. ಅವರ ಮಗನು ಐ.ಟಿ.ಐ.ಯಲ್ಲಿ ಎಲೆಕ್ಟ್ರಿಷಿಯನ್ ವಿಭಾಗದ ಎರಡು ವರ್ಷಗಳ ಶಿಕ್ಷಣವನ್ನು ಮುಗಿಸಿ, ಕಂಟ್ರಾಕ್ಟರರೊಬ್ಬರ ಕೈಕೆಳಗೆ ಕೆಲವು ಕಾಲ ದುಡಿದು, ಈಗ ತಾನಾಗಿಯೇ ಮನೆಗಳ ಕೆಲಸವನ್ನು ಹಿಡಿಯಬೇಕೆಂದಿರುವನಂತೆ. ಹಾಲಿನ ಡೈರಿಯ ಬಟವಾಡೆಯಲ್ಲಿ ಉಳಿಸಿದ ಹಣವನ್ನು ಆಕೆ ಅವನ ಉಪಕರಣಕ್ಕಾಗಿ ಎತ್ತಿಟ್ಟಿರುವರು. ಅಂಗಡಿಯಲ್ಲಿ ಎರಡು ಪೆಟ್ಟಿಗೆಗಳನ್ನು ತೋರಿಸಿದರಂತೆ. ಒಂದರ ಮೇಲೆ ೧೮ ವೋಲ್ಟ್, ಇನ್ನೊಂದರ ಮೇಲೆ ೪೮ ಎಂಬ ಅಂಕಿ. ನಲವತ್ತೆಂಟರದು ಅರ್ಧ ಬೆಲೆಗಿಂತಲೂ ಅಗ್ಗ. ಹೆಚ್ಚಿನದು ಕಡಮೆ ಬೆಲೆಗೆ ಸಿಕ್ಕುವಾಗ ಮಗನು ಹದಿನೆಂಟರದನ್ನೇ ಹಟಹಿಡಿದು ಕೇಳುವನಲ್ಲ, ಇದು ಹುಡುಗಾಟವೆ ಎಂದು ಆಕೆಯ ಪ್ರಶ್ನೆ. ಹುಡುಗಾಟವಲ್ಲ. ಹುಡುಗನಿಗೆ ತನ್ನ ಕಸಬು ತಿಳಿದಿದೆ.

ಈಗಿನ ಬೈರಿಗೆಗಳಲ್ಲಿರುವುದು ಲಿಥಿಯಮ್-ಅಯಾನ್ ಸೆಲ್ಲುಗಳು. ಒಂದೊಂದರ ಸಾಮಾನ್ಯ ವೋಲ್ಟೇಜು ಸುಮಾರು ೩.೬, ಪೂರ್ತಿ ತುಂಬಿದಾಗ ೪.೨. ಐದನ್ನು ಸಾಲಾಗಿ ಜೋಡಿಸಿದರೆ ೧೮ ವೋಲ್ಟಿನ ಬ್ಯಾಟರಿಯಾಗುವುದು. ಅದನ್ನೇ ಆಗತಾನೆ ತುಂಬಿಸಿ ಅಳೆದರೆ ೨೧ರ ಹತ್ತಿರ ತೋರುವುದು. ಅಮೆರಿಕದ ಪೇಟೆಯಲ್ಲಿ ೨೦ ವೋಲ್ಟಿನದೆಂದು ಮಾರುವುದೂ ಈ ಐದು ಸೆಲ್ಲಿನ ಬ್ಯಾಟರಿಯನ್ನೇ. ಹೆಸರು ಬೇರೆ, ಹೂರಣ ಒಂದೇ. ೧೨ ವೋಲ್ಟಿನದೆಂಬುದರಲ್ಲಿ ಮೂರು ಸೆಲ್ಲುಗಳಿರುವುವು. ನಿಜವಾಗಿ ೪೮ ಆಗಬೇಕಾದರೆ ಹದಿಮೂರು ಸೆಲ್ಲುಗಳಾದರೂ ಸಾಲಾಗಿ ಬೇಕು. ಆ ಪುಟ್ಟ ಬ್ಯಾಟರಿಯಲ್ಲಿ ಅಷ್ಟಕ್ಕೆ ಎಡೆಯೆಲ್ಲಿ? ಇಂಥ ಅಗ್ಗದ ಪೆಟ್ಟಿಗೆಗಳ ಮೇಲೆ ಅನೇಕ ವೇಳೆ ವೋಲ್ಟ್ ಎಂದು ನೇರವಾಗಿ ಬರೆಯದೆ, ಅಂಕಿಯ ಮುಂದೆ ವಿ.ಎಫ್. ಮುಂತಾಗಿ ಅರ್ಥವಿಲ್ಲದ ಅಕ್ಷರಗಳನ್ನು ಸೇರಿಸಿರುವರು. ಪರೀಕ್ಷಿಸುವುದು ಸುಲಭ. ಪೆಟ್ಟಿಗೆಯಲ್ಲಿರುವ ಚಾರ್ಜರಿನ ಬೆನ್ನನ್ನು ತಿರುಗಿಸಿ, ಅದರಿಂದ ಹೊರಬರುವ ವೋಲ್ಟೇಜು ಎಷ್ಟೆಂದು ಓದಬೇಕು. ೨೧ ಎಂದಿದ್ದರೆ ಒಳಗೆ ಸಾಲಾಗಿರುವುದು ಐದೇ ಸೆಲ್ಲು, ೧೨.೬ ಎಂದಿದ್ದರೆ ಮೂರೇ. ನಲವತ್ತೆಂಟರ ಬ್ಯಾಟರಿಯನ್ನು ಇಪ್ಪತ್ತೊಂದರ ಚಾರ್ಜರು ತುಂಬಲಾರದು. ತಾಯಿಯವರು ಅಂಗಡಿಯವನಿಂದ ಆ ಪೆಟ್ಟಿಗೆಯನ್ನು ಇನ್ನೊಮ್ಮೆ ತೆರೆಯಿಸಿ ನೋಡಲಿ.

ವೋಲ್ಟಿನ ಪಕ್ಕದಲ್ಲಿ ಆಂಪಿಯರ್-ಗಂಟೆಯೆಂಬ ಇನ್ನೊಂದು ಅಂಕಿಯಿರುವುದು. ಎರಡನ್ನೂ ಗುಣಿಸಿದರೆ ಬ್ಯಾಟರಿಯಲ್ಲಿರುವ ಸಂಗ್ರಹವು ತಿಳಿಯುವುದು: ೧೮ ವೋಲ್ಟಿನ ೨ ಆಂಪಿಯರ್-ಗಂಟೆಯದರಲ್ಲಿ ೩೬ ವ್ಯಾಟ್-ಗಂಟೆ, ೫ರದರಲ್ಲಿ ೯೦. ದೊಡ್ಡದೇ ಮೇಲೆಂದು ತೋರುವುದು ಸಹಜ. ಆದರೆ ಸಂಗ್ರಹ ಬೆಳೆದಂತೆ ತೂಕವೂ ಬೆಳೆಯುವುದು. ದಿನವೆಲ್ಲ ತಲೆಯ ಮೇಲೆ ಕೈಯೆತ್ತಿ ತಾರಸಿಯನ್ನು ಕೊರೆಯುವವನಿಗೆ ಒಂದು ಹಿಡಿ ತೂಕವೂ ಸಂಜೆಯ ವೇಳೆಗೆ ಮಣವಾಗಿ ತೋರುವುದು. ಒಂದು ದೊಡ್ಡ ಬ್ಯಾಟರಿಗಿಂತ ಎರಡು ಸಣ್ಣವೇ ಲೇಸು; ಒಂದು ದುಡಿಯುತ್ತಿರುವಾಗ ಇನ್ನೊಂದು ತುಂಬುತ್ತಿರಲಿ.

ಈಗ ಗೋಡೆಯ ಮಾತಿಗೆ ಬರೋಣ. ಅಂಗಡಿಯವರು ಯಂತ್ರವನ್ನು ಹೊಗಳುವರೇ ಹೊರತು, ನೀವು ಕೊರೆಯತಕ್ಕ ಗೋಡೆ ಯಾವುದೆಂದು ಕೇಳುವವರು ವಿರಳ. ಅಮೆರಿಕದಲ್ಲಿ ಮರದ ಚೌಕಟ್ಟಿನ ಮನೆಗಳೇ ಹೆಚ್ಚು; ಅಲ್ಲಿಯ ವಿದ್ಯುತ್ ಕೆಲಸಗಾರನು ಮರವನ್ನು ಕೊರೆದು ತಂತಿಯನ್ನು ಹಾಯಿಸುವನು, ಆದುದರಿಂದ ಅವನು ಬೈರಿಗೆಯ ತಿರುಚುವ ಬಲವನ್ನು ಮುಖ್ಯವಾಗಿ ಎಣಿಸುವನು. ನಮ್ಮಲ್ಲಿ ಇಟ್ಟಿಗೆ, ಸಿಮೆಂಟ್ ಬ್ಲಾಕು, ಸೈಜುಗಲ್ಲು, ಕರಾವಳಿಯಲ್ಲಾದರೆ ಮುರಕಲ್ಲು, ಎಲ್ಲಕ್ಕೂ ಮೇಲೆ ಕಾಂಕ್ರೀಟಿನ ತಾರಸಿ. ಇವುಗಳಿಗೆ ತಿರುಚಿದರೆ ಸಾಲದು, ಗುದ್ದಬೇಕು. ಬೆಂಗಳೂರಿಗೆ ೧೯೦೫ರಲ್ಲಿ ವಿದ್ಯುದ್ದೀಪ ಬಂದ ಮೇಲೂ ಬಹುಕಾಲ ನಮ್ಮ ಕೆಲಸಗಾರರು ಉಳಿ ಸುತ್ತಿಗೆಗಳಿಂದಲೇ ಗೋಡೆಯನ್ನು ಕೆತ್ತಿ, ಮರದ ಗೂಟವನ್ನು ಬಡಿದು, ಅದರ ಮೇಲೆ ತೇಗದ ಪಟ್ಟಿಯನ್ನು ಕೂರಿಸುತ್ತಿದ್ದರು. ಆ ಸುತ್ತಿಗೆಯ ಕೆಲಸವನ್ನು ಈಗ ಬೈರಿಗೆಯೇ ಮಾಡಬೇಕಾಗಿದೆ.

ಗುದ್ದುವ ಬೈರಿಗೆಗಳಲ್ಲಿ ಎರಡು ಜಾತಿ. ಹ್ಯಾಮರ್ ಡ್ರಿಲ್ ಎಂಬುದರೊಳಗೆ ಹಲ್ಲುಗಳುಳ್ಳ ಎರಡು ಬಿಲ್ಲೆಗಳು ಒಂದರ ಮೇಲೊಂದು ಜಾರಿ ಕಟಕಟನೆ ಅದುರುವುವು. ಕೆಲಸಗಾರನು ತನ್ನ ಮೈಭಾರದಿಂದ ಒತ್ತಿದಷ್ಟೇ ಅದರ ಗುದ್ದು. ಇಟ್ಟಿಗೆಯ ಗೋಡೆಯಲ್ಲಿ ೬ ಅಥವಾ ೮ ಮಿ.ಮೀ. ರಂಧ್ರ ಮಾಡಿ, ಪ್ಲಾಸ್ಟಿಕ್ ಪ್ಲಗ್ಗು ಕೂರಿಸಿ, ಎಂ.ಸಿ.ಬಿ. ಪೆಟ್ಟಿಗೆಯನ್ನು ನಿಲ್ಲಿಸಲು ಇದು ಧಾರಾಳವಾಗಿ ಸಾಕು. ರೋಟರಿ ಹ್ಯಾಮರ್ ಎಂಬುದರಲ್ಲಿ ಕೊಂತವೊಂದು ಗಾಳಿಯನ್ನು ಅದುಮಿ, ಆ ಗಾಳಿಯು ಒಂದು ಉಕ್ಕಿನ ತುಂಡನ್ನು ಎಸೆದು, ಅದು ಬಿಟ್ಟಿನ ಹಿಂಬದಿಗೆ ಬಡಿಯುವುದು. ಕೈಯಿಂದ ಬಲವಾಗಿ ಒತ್ತಬೇಕಾಗಿಲ್ಲ. ಈ ಗುದ್ದನ್ನು ಜೌಲ್ ಎಂಬ ಅಳತೆಯಲ್ಲಿ ಬರೆದಿರುವರು. ಇದಕ್ಕೆ ಎಸ್.ಡಿ.ಎಸ್.-ಪ್ಲಸ್ ಎಂಬ, ೧೦ ಮಿ.ಮೀ. ದಪ್ಪದ ಗಾಡಿಗಳುಳ್ಳ ಹಿಡಿಯ ಬಿಟ್ಟುಗಳೇ ಬೇಕು. ಕಾಂಕ್ರೀಟಿನ ತಾರಸಿಗೂ ಸೈಜುಗಲ್ಲಿಗೂ ಇದೇ ತಕ್ಕ ಯಂತ್ರ. ಹ್ಯಾಮರ್ ಡ್ರಿಲ್ಲಿನಿಂದ ತಾರಸಿಯನ್ನು ಕೊರೆಯುವವನು ಬಿಟ್ಟನ್ನು ಸುಡುವನು, ಬ್ಯಾಟರಿಯನ್ನು ಬರಿದುಮಾಡುವನು, ಹೆಗಲನ್ನೂ ಕೆಡಿಸಿಕೊಳ್ಳುವನು. ಇದಕ್ಕೆ ವಿರುದ್ಧವಾಗಿ, ಈಚೆಗೆ ಬಳಕೆಗೆ ಬಂದಿರುವ ಎ.ಎ.ಸಿ. ಎಂಬ ಹಗುರ ಬ್ಲಾಕುಗಳಿಗೆ ಗುದ್ದೇ ಶತ್ರು. ಗುದ್ದನ್ನು ನಿಲ್ಲಿಸಿ ಬರಿದೆ ತಿರುಗಿಸಿದರೆ ಮಾತ್ರ ರಂಧ್ರವು ದುಂಡಗೆ ನಿಲ್ಲುವುದು. ಇಂಪ್ಯಾಕ್ಟ್ ಡ್ರೈವರ್ ಎಂಬ ಮೂರನೆಯದೊಂದುಂಟು; ಅದು ಸ್ಕ್ರೂ ತಿರುಗಿಸಲಿಕ್ಕೆ, ಗೋಡೆಗಲ್ಲ.

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಮುದ್ರಿಸಿರುವ ನ್ಯೂಟನ್-ಮೀಟರಿನ ಅಂಕಿಯು ತಿರುಚುವ ಬಲದ್ದು. ೬೦ ಎಂದರೆ, ಒಂದು ಮೀಟರ್ ಉದ್ದದ ಹಾರೆಯ ತುದಿಗೆ ಆರು ಕಿಲೋ ತೂಗಹಾಕಿದಾಗ ಅದರ ಬುಡದಲ್ಲಿ ಆಗುವಷ್ಟು ತಿರುಚು. ಬಿಟ್ಟು ಗೋಡೆಯಲ್ಲಿ ಥಟ್ಟನೆ ಸಿಕ್ಕಿಕೊಂಡರೆ ಆ ತಿರುಚೆಲ್ಲವೂ ಹಿಡಿದವನ ಮಣಿಕಟ್ಟಿಗೆ ಬರುವುದು, ಅದೂ ಏಣಿಯ ಮೇಲೆ. ಪಕ್ಕದ ಹಿಡಿಯಿಲ್ಲದ ಬಲವಾದ ಬೈರಿಗೆಯನ್ನು ನಾವು ಯಾರಿಗೂ ಹೇಳುವುದಿಲ್ಲ. ವಿದ್ಯುತ್ ಕೆಲಸದಲ್ಲಿ ಬಲದಷ್ಟೇ ನಯವೂ ಬೇಕು. ಚಕ್ಕಿನ ಹಿಂದೆ ಅಂಕಿಗಳಿರುವ ಬಳೆಯನ್ನು ಕ್ಲಚ್ ಎನ್ನುವರು. ಸ್ವಿಚ್ಚಿನ ಮುಖಫಲಕದ ಸ್ಕ್ರೂಗಳಿಗೆ ಅದನ್ನು ಒಂದು ಎರಡರಲ್ಲಿಯೇ ಇಡಬೇಕು. ಆದರೆ ಎಂ.ಸಿ.ಬಿ.ಯಲ್ಲಿ ತಂತಿಯನ್ನು ಹಿಡಿದಿಡುವ ಸ್ಕ್ರೂಗಳನ್ನು ಬೈರಿಗೆಯಿಂದ ಬಿಗಿಯಲೇಬಾರದು. ಕ್ಲಚ್ಚಿನ ಅಂಕಿಗಳು ಯಾವ ಅಳತೆಗೂ ಸರಿಹೊಂದಿಸಿದವಲ್ಲ. ಅತಿಯಾಗಿ ಬಿಗಿದರೆ ಎಳೆ ಹರಿಯುವುದು, ಸಡಿಲವಾದರೆ ಆ ಸಂದು ಕಾಯ್ದು ಬೆಂಕಿಗೆ ಕಾರಣವಾಗುವುದು. ಆ ಕೆಲಸ ಕೈಯದು.

ಇನ್ನು, ಮೊದಲ ಬೈರಿಗೆಯನ್ನು ಕೊಳ್ಳುವವನು ವಾಸ್ತವವಾಗಿ ಆರಿಸುವುದು ಬ್ಯಾಟರಿಯ ಮನೆತನವನ್ನು. ಒಂದು ಕಂಪೆನಿಯ ಬ್ಯಾಟರಿ ಮತ್ತೊಂದರ ಯಂತ್ರಕ್ಕೆ ಸಾಮಾನ್ಯವಾಗಿ ಕೂಡದು. ಒಂದೇ ಕಂಪೆನಿಯೊಳಗೂ ಭೇದವುಂಟು. ಬಾಷ್ ಕಂಪೆನಿಯ ನೀಲಿ ಬಣ್ಣದ ಮತ್ತು ಹಸುರು ಬಣ್ಣದ ೧೮ ವೋಲ್ಟಿನ ಬ್ಯಾಟರಿಗಳು ಒಂದರ ಜಾಗದಲ್ಲಿ ಇನ್ನೊಂದು ನಿಲ್ಲವು. ಮಕಿಟಾದ ೧೮ ವೋಲ್ಟಿನವೂ ೪೦ ವೋಲ್ಟಿನವೂ ಹಾಗೆಯೇ. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ನಾಲ್ಕು ಯಂತ್ರಕ್ಕೆ ನಾಲ್ಕು ಚಾರ್ಜರುಗಳನ್ನು ಹೊತ್ತು ತಿರುಗುವ ಕೆಲಸಗಾರರನ್ನು ನಾವು ಕಂಡಿರುವೆವು. ಆದುದರಿಂದ ರೋಟರಿ ಹ್ಯಾಮರೂ ಇರುವ, ತಮ್ಮ ತಾಲ್ಲೂಕಿನಲ್ಲಿಯೋ ಜಿಲ್ಲೆಯ ಊರಿನಲ್ಲಿಯೋ ರಿಪೇರಿಯ ಏರ್ಪಾಡಿರುವ ಮನೆತನವನ್ನೇ ಹಿಡಿಯತಕ್ಕದ್ದು. ತುಮಕೂರಿನ ತಾಯಿಯವರಿಗೆ ನಮ್ಮ ಸಲಹೆಯಿಷ್ಟು: ೧೮ ವೋಲ್ಟಿನ, ಬ್ರಷ್‌ಲೆಸ್ ಮೋಟಾರಿನ ಹ್ಯಾಮರ್ ಡ್ರಿಲ್ಲೊಂದು, ೨ ಆಂಪಿಯರ್-ಗಂಟೆಯ ಬ್ಯಾಟರಿ ಎರಡು. ಬ್ರಷ್‌ಲೆಸ್ ಮೋಟಾರಿನಲ್ಲಿ ಸವೆಯುವ ಕಾರ್ಬನ್ ಬ್ರಷ್ ಇಲ್ಲ, ಅದೇ ಬ್ಯಾಟರಿಯಲ್ಲಿ ಹೆಚ್ಚು ರಂಧ್ರಗಳಾಗುವುವು. (ವರ್ಷಕ್ಕೆ ನಾಲ್ಕು ಪಟ ತೂಗುಹಾಕುವ ಗೃಹಸ್ಥರಿಗೆ ಇದರ ಅಗತ್ಯವಿಲ್ಲ, ೧೨ ವೋಲ್ಟಿನ ಹ್ಯಾಮರಿನದೇ ಸಾಕು.) ತಾರಸಿಯ ಕೆಲಸ ಬಂದ ದಿನ ರೋಟರಿ ಹ್ಯಾಮರನ್ನು ಬಾಡಿಗೆಗೆ ತರಲಿ. ಕೈಯಲ್ಲಿ ಹಣ ಕೂಡಿದ ಮೇಲೆ ಅದೇ ಮನೆತನದ್ದನ್ನು, ಬ್ಯಾಟರಿಯಿಲ್ಲದೆ ಯಂತ್ರವನ್ನು ಮಾತ್ರ ಕೊಂಡರೆ ಖರ್ಚು ಎಷ್ಟೋ ಇಳಿಯುವುದು. ಅದಕ್ಕೆಂದು ದೊಡ್ಡ ಬ್ಯಾಟರಿಯೊಂದನ್ನು ಆಗ ಸೇರಿಸಬಹುದು.

ಈಗ ಉಳಿಯುವ ಹಣದಲ್ಲಿ ಕಣ್ಣಿಗೆ ಕನ್ನಡಕ, ಮೂಗಿಗೆ ಒಳ್ಳೆಯ ಮಾಸ್ಕು ತೆಗೆದುಕೊಡಲಿ. ಕಾಂಕ್ರೀಟಿನ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶದಲ್ಲಿ ನೆಲಸಿದರೆ ಹೋಗುವುದಿಲ್ಲ. ಬ್ಯಾಟರಿಗಳನ್ನು ಬಿಸಿಲಿನಲ್ಲಿ ನಿಂತ ಸ್ಕೂಟರಿನ ಡಿಕ್ಕಿಯಲ್ಲಿ ಬಿಡಬಾರದು.

ಬೈರಿಗೆಯ ಮೈ ಪ್ಲಾಸ್ಟಿಕ್ಕಿನದಾದರೂ ಚಕ್ಕು ಲೋಹದ್ದು. ಇದು ವಿದ್ಯುತ್ತಿನಿಂದ ಕಾಪಾಡುವ ಉಪಕರಣವಲ್ಲ. ಸ್ವಿಚ್ ಬೋರ್ಡಿನ ನೇರ ಮೇಲೂ ಕೆಳಗೂ ಪೈಪುಗಳು ಅಡಗಿರುವುದೇ ಹೆಚ್ಚು, ಅಲ್ಲಿ ಕೊರೆಯುವ ಮೊದಲು ಮೈನನ್ನು ಆರಿಸಬೇಕು. ಆದರೆ ಈಗ ಮನೆಮನೆಯಲ್ಲೂ ಇನ್ವರ್ಟರ್ ಇರುವುದು. ಮೈನು ಆರಿದ ಮರುಗಳಿಗೆಯಲ್ಲಿಯೇ ಅದು ಎಚ್ಚತ್ತು ಅರ್ಧ ಮನೆಯ ತಂತಿಗಳಿಗೆ ೨೩೦ ವೋಲ್ಟನ್ನು ಹರಿಸುವುದು. ಕೆಲಸಕ್ಕೆ ಬಂದವನು ಇನ್ವರ್ಟರ್ ಎಲ್ಲಿದೆಯೆಂದು ಕೇಳದಿದ್ದರೆ, ಮನೆಯ ಯಜಮಾನರೋ ಯಜಮಾನಿಯೋ ತಾವಾಗಿಯೇ ತೋರಿಸಿ ಅದನ್ನೂ ಆರಿಸಿಸತಕ್ಕದ್ದು. ಟೆಸ್ಟರನ್ನು ಮೈನು ಆರಿಸುವ ಮೊದಲೇ ಒಂದು ಪ್ಲಗ್ಗಿನಲ್ಲಿ ಹಚ್ಚಿ ಅದು ಉರಿಯುವುದೆಂದು ಖಚಿತಪಡಿಸಿಕೊಂಡು, ಆಮೇಲೆ ಎಲ್ಲವನ್ನೂ ಆರಿಸಿ, ಕೊರೆಯತಕ್ಕ ಗೋಡೆಯ ಬೋರ್ಡಿನಲ್ಲಿ ಇನ್ನೊಮ್ಮೆ ನೋಡಿ, ನಂತರವೇ ಬೈರಿಗೆಯನ್ನು ಎತ್ತಿಕೊಳ್ಳಬೇಕು.